ಶನಿವಾರ ಶಾಸಕರು ನಮ್ಮೂರಿಗೆ ಬರುತ್ತಾರಂತೆ. ಏನು ಕೇಳೋಣ?

ಕೆರೆಕೋಡಿ · ಬುಧವಾರ ರಾತ್ರಿ 9:10

ನಮ್ಮ ಕ್ಷೇತ್ರದ ಶಾಸಕರು ಹೋಬಳಿ ಪ್ರವಾಸ ಇಟ್ಟುಕೊಂಡಿದ್ದಾರೆ. ಶನಿವಾರ ಬೆಳಿಗ್ಗೆ 11 ಗಂಟೆಗೆ ನಮ್ಮೂರು, ಆಮೇಲೆ ಸುತ್ತಲಿನ ಐದು ಊರು. ನಮಗೆ ಸಿಗುವುದು 40 ನಿಮಿಷ ಅಂತ ಪಂಚಾಯಿತಿಯಿಂದ ಹೇಳಿದ್ದಾರೆ. ಗೆದ್ದ ಮೇಲೆ ಅವರು ಈ ಊರಿಗೆ ಬಂದಿರುವುದು ಎರಡೇ ಸಲ. ಎರಡೂ ಸಲ ಸಾವಿನ ಮನೆಗೆ.

ಈಗ ಊರಲ್ಲಿ ಒಬ್ಬೊಬ್ಬರದು ಒಂದೊಂದು ಬೇಡಿಕೆ. ಹಿರಿಯರಿಗೆ ದೇವಸ್ಥಾನದ ಮುಂದೆ ಶೀಟ್ ಹಾಕಿಸಬೇಕು. ಹುಡುಗರಿಗೆ ವಾಲಿಬಾಲ್ ಕೋರ್ಟಿಗೆ ಲೈಟು. ಹೆಂಗಸರಿಗೆ ನೀರು. ನನಗೆ ಮುಖ್ಯ ಅನಿಸಿರುವುದು ಮೇನ್ ರೋಡಿನಿಂದ ಶಾಲೆವರೆಗಿನ ರಸ್ತೆ, ಸುಮಾರು 1.2 ಕಿಲೋಮೀಟರ್. ಮನೆ ಮನೆಗೆ ನಲ್ಲಿ ಅಂತ ಪೈಪ್ ಹಾಕಲು ಅಗೆದರು, ಮೇಲೆ ಮಣ್ಣು ಎಳೆದು ಹೋದರು. ಒಂದು ಮಳೆಗಾಲ ಕಳೆಯಿತು. ಈಗ ಅದು ರಸ್ತೆಯೂ ಅಲ್ಲ, ಗದ್ದೆಯೂ ಅಲ್ಲ. ಇನ್ನೊಂದು ಹೈಸ್ಕೂಲು ಮಕ್ಕಳ ಬಸ್ಸು. 8:20ರ ಬಸ್ಸು ಬರುವಾಗಲೇ ತುಂಬಿರುತ್ತದೆ, ನಮ್ಮ ಸ್ಟಾಪಿನಲ್ಲಿ ನಿಲ್ಲಿಸುವುದೇ ಇಲ್ಲ.

ಡಿಗ್ರಿ ಓದಿದ್ದೀಯಲ್ಲ ಅಂತ ಅರ್ಜಿ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಗೊತ್ತಿದ್ದವರು ಹೇಳಿ. ಎಲ್ಲವನ್ನೂ ಬರೆಯಲಾ? ಒಂದೇ ಬರೆಯಲಾ? ಬರೆದರೆ ಏನಾದರೂ ಆಗುತ್ತದಾ?

ಬೇವಿನಕಡ್ಡಿ · ಬುಧವಾರ ರಾತ್ರಿ 9:24

ಆಗುತ್ತದೆ. ಫೋಟೊ ಆಗುತ್ತದೆ.

ಒಂದು ಕಾಲಂ · ಬುಧವಾರ ರಾತ್ರಿ 9:41

ತಾಲ್ಲೂಕು ವರದಿಗಾರನಾಗಿ ಇಂಥ ಪ್ರವಾಸಗಳ ಹಿಂದೆ ಬೈಕಿನಲ್ಲಿ ಸುತ್ತಿದ್ದೇನೆ. ನನ್ನ ಒಂದು ಲೆಕ್ಕ ಹೇಳುತ್ತೇನೆ. ಹಾರ ಹಾಕುವವರ ಸಾಲು ಉದ್ದ ಇದ್ದ ಊರಲ್ಲಿ ಮಾತಿಗೆ ಸಮಯ ಉಳಿಯುವುದಿಲ್ಲ. 40 ನಿಮಿಷದಲ್ಲಿ ಪೂರ್ಣಕುಂಭ, ಹಾರ, ಶಾಲು, ಸ್ವಾಗತ ಭಾಷಣ ಅಂತ 25 ಹೋಗುತ್ತದೆ. ಒಂದು ಗುದ್ದಲಿ ಪೂಜೆಯೂ ಇದ್ದರೆ ಮುಗಿಯಿತು. ಊರಿನವರನ್ನು ಒಪ್ಪಿಸಿ ಇಡೀ ಊರಿಗೆ ಒಂದೇ ಹಾರ ಮಾಡಿ. ಇದನ್ನು ಒಪ್ಪಿಸುವುದು ರಸ್ತೆ ಮಾಡಿಸುವುದಕ್ಕಿಂತ ಕಷ್ಟ, ಅದೂ ಗೊತ್ತು.

ಟಪಾಲು · ಬುಧವಾರ ರಾತ್ರಿ 10:15

ನಾನು ಒಬ್ಬ ಶಾಸಕರ ಕಚೇರಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಈಗ ಬಿಟ್ಟಿದ್ದೇನೆ. ಕಾರಿನ ಮುಂದಿನ ಸೀಟಿನಲ್ಲಿ ಏನಾಗುತ್ತದೆ ಅಂತ ಎಲ್ಲರೂ ನೋಡುತ್ತಾರೆ. ಹಿಂದಿನ ಸೀಟಿನಲ್ಲಿ ಏನಾಗುತ್ತದೆ ಅಂತ ನಾನು ಹೇಳುತ್ತೇನೆ.

ಒಂದು ದಿನದ ಪ್ರವಾಸಕ್ಕೆ ಹೋದರೆ ನನ್ನ ಮಡಿಲಿಗೆ 80-90 ಅರ್ಜಿ ಬೀಳುತ್ತಿದ್ದವು. ಸಾಹೇಬರು ಹಾರ ತೆಗೆದು ಹಿಂದಕ್ಕೆ ಕೊಡುತ್ತಾರೆ. ಹಾರಕ್ಕೆ ನೀರು ಚಿಮುಕಿಸಿರುತ್ತಾರೆ. ಅರ್ಜಿ ಕಟ್ಟಿನ ಮೇಲೆ ಹಾರ. ಸಂಜೆ ಮನೆಗೆ ಬಂದು ಬಿಚ್ಚಿದರೆ ಜೆಲ್ ಪೆನ್ನಿನಲ್ಲಿ ಬರೆದಿದ್ದೆಲ್ಲ ನೀಲಿ ಮೋಡ. ಯಾರ ಅರ್ಜಿ, ಯಾವ ಊರು, ಒಂದೂ ಗೊತ್ತಾಗುವುದಿಲ್ಲ. ಯಾವುದೋ ಅಜ್ಜಿಯ ಪಿಂಚಣಿ ಅರ್ಜಿ ಅಲ್ಲಿಗೇ ಮುಗಿಯಿತು. ಆದ್ದರಿಂದ ಪ್ರಿಂಟ್ ತೆಗೆಸಿ, ಇಲ್ಲವಾದರೆ ಬಾಲ್ ಪೆನ್ನಿನಲ್ಲಿ ಬರೆಯಿರಿ. ನಗಬೇಡಿ, ಇದು ಮೊದಲನೇ ಸಲಹೆ.

ಇನ್ನು ಅರ್ಜಿಯ ಮೂಲೆಯಲ್ಲಿ ಸಾಹೇಬರು ಏನು ಬರೆಯುತ್ತಾರೆ ಅನ್ನುವುದು. "ತಹಶೀಲ್ದಾರ್, ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಿ" ಅಂತ ಬರೆದು ಸಹಿ ಹಾಕಿದರೆ ಜನ ಖುಷಿಯಾಗಿ ಹೋಗುತ್ತಾರೆ. ಕಚೇರಿಯವರಿಗೆ ಆ ಭಾಷೆ ಗೊತ್ತು. "ನಿಯಮಾನುಸಾರ" ಅಂದರೆ ನನ್ನದೇನೂ ಒತ್ತಾಯ ಇಲ್ಲ ಅಂತ. ಅದೇ ಅರ್ಜಿಯ ಮೇಲೆ "ಇಂಥ ದಿನದೊಳಗೆ ವರದಿ ಕೊಡಿ" ಅಂತ ತಾರೀಕು ಬಿದ್ದರೆ ಅದಕ್ಕೆ ಜೀವ ಬರುತ್ತದೆ. ತಾರೀಕು ಬರೆಸಿಕೊಳ್ಳಿ.

ಮೂರನೆಯದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ರಸ್ತೆ, ಬಸ್ಸು, ನೀರು, ಲೈಟು ಎಲ್ಲ ಒಂದೇ ಹಾಳೆಯಲ್ಲಿ ಬರೆದರೆ ಅದನ್ನು ಯಾವ ಇಲಾಖೆಗೆ ಕಳಿಸುವುದು? ಅದು ಟ್ರೇಯಲ್ಲೇ ಕೂರುತ್ತದೆ. ಎರಡು ಪ್ರತಿ ಇರಲಿ. ಒಂದನ್ನು ಕೊಡಿ, ಇನ್ನೊಂದರ ಮೇಲೆ ಆಪ್ತ ಸಹಾಯಕರಿಂದ "ಸ್ವೀಕರಿಸಿದೆ" ಅಂತ ಸಹಿ, ತಾರೀಕು. ಶಾಸಕರ ಕೈ ಕುಲುಕುವುದಕ್ಕಿಂತ ಆ ಪಿಎ ನಂಬರ್ ತೆಗೆದುಕೊಳ್ಳುವುದು ಮುಖ್ಯ.

ಮತ್ತೆ, ಇವತ್ತೇ ಹೋಗಿ ರಸ್ತೆಯ ಫೋಟೊ ತೆಗೆಯಿರಿ. ತಾರೀಕು ಕಾಣುವ ಹಾಗೆ. ನಾಳೆ ಅಂತ ಬಿಡಬೇಡಿ. ಯಾಕೆ ಅಂತ ಶನಿವಾರ ಗೊತ್ತಾಗುತ್ತದೆ.

ಕೆರೆಕೋಡಿ · ಬುಧವಾರ ರಾತ್ರಿ 10:32

ಟಪಾಲು ಸರ್, ತುಂಬಾ ಉಪಕಾರ. ಕತ್ತಲಾಗಿದೆ, ನಾಳೆ ಬೆಳಿಗ್ಗೆ ಹಾಲು ಹಾಕಲು ಹೋಗುವಾಗ ಫೋಟೊ ತೆಗೆಯುತ್ತೇನೆ.

ನಿವೃತ್ತ ಗುಮಾಸ್ತ · ಗುರುವಾರ ಬೆಳಿಗ್ಗೆ 6:50

ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಇದ್ದವನು. ಶಾಸಕರ ಕೈಯಲ್ಲಿ ಏನಿದೆ, ಏನಿಲ್ಲ ಅನ್ನುವುದು ಮೊದಲು ತಿಳಿದಿರಬೇಕು. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಜಾತಿ ಪ್ರಮಾಣಪತ್ರ ಬಂದಿಲ್ಲ ಅಂತ ಶಾಸಕರ ಮುಂದೆ ಅಳುವುದು ಬೇಡ. ಅದಕ್ಕೆ ನಾಡಕಚೇರಿ ಇದೆ, 2011ರ ಸಕಾಲ ಕಾಯ್ದೆ ಇದೆ. ಸಕಾಲದ ಪಟ್ಟಿಯಲ್ಲಿರುವ ಸೇವೆಗೆ ದಿನಗಳ ಲೆಕ್ಕ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಎಷ್ಟು ಜನ ಕೇಳಿದ್ದಾರೆ ಅಂತ ನನ್ನನ್ನು ಕೇಳಬೇಡಿ, ನನ್ನ ಸರ್ವಿಸಿನಲ್ಲಿ ಕೇಳಿದವರನ್ನು ನಾನು ನೋಡಲಿಲ್ಲ.

ಶಾಸಕರ ಕೈಯಲ್ಲಿ ನಿಜವಾಗಿ ಇರುವುದು ಬೇರೆ. ಸರ್ಕಾರಿ ಜಮೀನು ಉಳುತ್ತಿರುವವರ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಅವರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರು ನಿಮ್ಮೂರಲ್ಲಿ ಇದ್ದರೆ ಅವರು ಕೇಳಬೇಕಾದ ಪ್ರಶ್ನೆ "ಸಮಿತಿ ಸಭೆ ಯಾವತ್ತು?" ಅನ್ನುವುದು. "ದಯವಿಟ್ಟು ಮಾಡಿಕೊಡಿ" ಅನ್ನುವುದು ಅಲ್ಲ.

ಎರಡನೆಯದು, ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ. ಅಧ್ಯಕ್ಷತೆ ಶಾಸಕರದೇ. ಎಲ್ಲ ಇಲಾಖೆ ಅಧಿಕಾರಿಗಳೂ ಫೈಲು ಹಿಡಿದು ಕೂರುತ್ತಾರೆ. ನಿಮ್ಮ ರಸ್ತೆ ಆ ಸಭೆಯ ನಡವಳಿಯಲ್ಲಿ, ಅಂದರೆ ತೀರ್ಮಾನಗಳ ದಾಖಲೆಯಲ್ಲಿ, ಬಂದರೆ ಏನು ಕ್ರಮ ಆಯಿತು ಅಂತ ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಕೊಡಬೇಕಾಗುತ್ತದೆ. ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ನಿದ್ದೆ ಕೆಡುವುದು ಅಲ್ಲಿ. ಮೂರನೆಯದು, ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ. ಶಾಸಕರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿ ಕಡೆಯಿಂದ. ಇಡೀ ಕ್ಷೇತ್ರಕ್ಕೆ ಹಂಚಿದರೆ ಊರಿಗೆ ಒಂದೂವರೆ ಲಕ್ಷವೂ ದಕ್ಕುವುದಿಲ್ಲ. ನಿಮ್ಮ 1.2 ಕಿಲೋಮೀಟರ್ ಆ ದುಡ್ಡಿನಲ್ಲಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಪೈಪಿಗೆ ಅಗೆದ ರಸ್ತೆಯನ್ನು ಮೊದಲಿನಂತೆ ಮಾಡುವುದು ಸಾಮಾನ್ಯವಾಗಿ ಅದೇ ಗುತ್ತಿಗೆಯಲ್ಲಿ ಸೇರಿರುತ್ತದೆ. ಅಂದಾಜು ಪಟ್ಟಿ ಕೇಳಿ. "ರಸ್ತೆ ಮಾಡಿಸಿಕೊಡಿ" ಅಂತ ಬರೆಯಬೇಡಿ. "ಗುತ್ತಿಗೆದಾರರಿಂದ ಮರು ನಿರ್ಮಾಣ ಮಾಡಿಸಿ, ಅಲ್ಲಿಯವರೆಗೆ ಅಂತಿಮ ಬಿಲ್ಲು ತಡೆಹಿಡಿಯಿರಿ" ಅಂತ ಬರೆಯಿರಿ. ಈ ಎರಡು ವಾಕ್ಯಕ್ಕೆ ಆನೆ ಆಡಿನಷ್ಟು ವ್ಯತ್ಯಾಸ ಇದೆ.

ಬೇವಿನಕಡ್ಡಿ · ಗುರುವಾರ ಬೆಳಿಗ್ಗೆ 8:05

ಗುಮಾಸ್ತರೇ, ನೀವು ಹೇಳುವುದೆಲ್ಲ ಸರಿ. ಆದರೆ ಐದು ವರ್ಷಕ್ಕೆ ಎರಡು ಸಲ ಬರುವವರಿಗೆ ನಾವು ಪರೀಕ್ಷೆಗೆ ಓದಿದ ಹಾಗೆ ಓದಿಕೊಂಡು ಹೋಗಬೇಕಾ? ವೋಟು ಕೇಳುವಾಗ ಅವರು ನಮ್ಮ ಅಡುಗೆಮನೆವರೆಗೂ ಬಂದಿದ್ದರು.

ಲೆಕ್ಕದ ಮೇಷ್ಟ್ರು · ಗುರುವಾರ ಬೆಳಿಗ್ಗೆ 8:40

ಬೇವಿನಕಡ್ಡಿಯವರ ಸಿಟ್ಟು ನ್ಯಾಯವೇ. ಆದರೂ ಲೆಕ್ಕ ನೋಡೋಣ. ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರ. 2011ರ ಜನಗಣತಿಯ 6.11 ಕೋಟಿಯನ್ನು ಹಂಚಿದರೆ ಒಬ್ಬ ಶಾಸಕರಿಗೆ ಸುಮಾರು 2.7 ಲಕ್ಷ ಜನ. ಹಳ್ಳಿಗಳು 29 ಸಾವಿರಕ್ಕೂ ಜಾಸ್ತಿ, ಅಂದರೆ ಸರಾಸರಿ ಕ್ಷೇತ್ರಕ್ಕೆ 130. ಬೆಂಗಳೂರಿನ ಕ್ಷೇತ್ರಗಳನ್ನು ಬಿಟ್ಟರೆ ಹಳ್ಳಿಗಾಡಿನ ಕ್ಷೇತ್ರಕ್ಕೆ ಇನ್ನೂ ಜಾಸ್ತಿ. ದಿನಕ್ಕೊಂದು ಊರು ಅಂದರೂ ನಾಲ್ಕು ತಿಂಗಳು ದಾಟುತ್ತದೆ. ನಡುವೆ ಅಧಿವೇಶನ, ಬೆಳಗಾವಿ, ಮದುವೆ, ಗೃಹಪ್ರವೇಶ, ಜಾತ್ರೆ, ತಿಥಿ. ಮದುವೆಗೆ ಬರಲಿಲ್ಲ ಅಂತ ಮುನಿಸಿಕೊಳ್ಳುವವರೂ ನಾವೇ ಅಲ್ವಾ?

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಹಿಂದೆ ಶಾಲೆ ಹೆಂಚು ಒಡೆದರೆ, ಊರ ರಸ್ತೆ ಕೆಟ್ಟರೆ ಜಿಲ್ಲಾ ಪಂಚಾಯಿತಿ ಸದಸ್ಯರ ಮನೆಗೆ ಹೋಗುತ್ತಿದ್ದೆವು. ಅವರು ಹತ್ತು ಕಿಲೋಮೀಟರ್ ಒಳಗೇ ಇರುತ್ತಿದ್ದರು, ಸಂತೆಯಲ್ಲಿ ಸಿಗುತ್ತಿದ್ದರು. ಈಗ ಗ್ರಾಮ ಪಂಚಾಯಿತಿ ಬಿಟ್ಟರೆ ನೇರ ಶಾಸಕರು. ನಡುವಿನ ಎರಡು ಮೆಟ್ಟಿಲು ಕಿತ್ತು ಹಾಕಿ, ಮೇಲಿನ ಮೆಟ್ಟಿಲು ಎತ್ತರ ಅಂತ ಬೈಯುತ್ತಿದ್ದೇವೆ.

ಒಂದು ಕಾಲಂ · ಗುರುವಾರ ಬೆಳಿಗ್ಗೆ 9:15

ಮೇಷ್ಟ್ರೇ, ಆ ಮೆಟ್ಟಿಲು ಕಿತ್ತವರು ಯಾರು ಅಂತಲೂ ಬರೆಯಬೇಕಿತ್ತು. ಚುನಾವಣೆ ಮುಂದಕ್ಕೆ ಹೋದಷ್ಟೂ ಅಧಿಕಾರ ಯಾರ ಕೈಯಲ್ಲಿ ಉಳಿಯುತ್ತದೆ ನೋಡಿ. ಎಲ್ಲ ಪಕ್ಷದ ಶಾಸಕರೂ ಈ ವಿಷಯದಲ್ಲಿ ಒಂದೇ ಚಾಪೆ ಮೇಲೆ ಮಲಗಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ.

ಮಾಜಿ ಸದಸ್ಯೆ, 3ನೇ ವಾರ್ಡ್ · ಗುರುವಾರ ಮಧ್ಯಾಹ್ನ 2:20

ನಾನು ಒಂದು ಅವಧಿ ಗ್ರಾಮ ಪಂಚಾಯಿತಿಯಲ್ಲಿದ್ದವಳು. ಕೆರೆಕೋಡಿ ಅಣ್ಣ, ನೀವು ಐದು ಬೇಡಿಕೆ ಬರೆದಿರಿ. ಹೆಂಗಸರದು "ನೀರು" ಅಂತ ಒಂದೇ ಪದ, ಮಿಕ್ಕಿದ್ದಕ್ಕೆಲ್ಲ ವಿವರ. ಬೇಜಾರು ಮಾಡಿಕೊಳ್ಳಬೇಡಿ, ಇದು ಎಲ್ಲ ಊರಲ್ಲೂ ಹೀಗೇ.

ನಲ್ಲಿ ಬಂದಿದೆಯಾ? ಬಂದಿದ್ದರೆ ಎಷ್ಟು ಗಂಟೆಗೆ ಬಿಡುತ್ತಾರೆ, ಎಷ್ಟು ಕೊಡ ತುಂಬುತ್ತದೆ? ನಮ್ಮ ಕಡೆ ಹೊಸ ನಲ್ಲಿ ತಿರುಗಿಸಿದರೆ ಮೊದಲು ಬುಸ್ ಅಂತ ಗಾಳಿ ಬರುತ್ತದೆ, ಆಮೇಲೆ ನಾಲ್ಕು ಕೊಡ ನೀರು, ಆಮೇಲೆ ಮತ್ತೆ ಗಾಳಿ. ಕಾಗದದಲ್ಲಿ ಮಾತ್ರ ಆ ಮನೆಗೆ ಸಂಪರ್ಕ ಸಿಕ್ಕಿದೆ. ಈ ಮಾತನ್ನು ಗಂಡಸರು ಹೇಳಿದರೆ ಶಾಸಕರು ತಲೆಯಾಡಿಸಿ ಹೋಗುತ್ತಾರೆ. ಕೊಡ ಹೊತ್ತವರೇ ಹೇಳಬೇಕು. ಮೈಕ್ ಕೊಟ್ಟರೆ ನಮ್ಮವರು ಹಿಂದೆ ಸರಿಯುತ್ತಾರೆ, ಮೈಕ್ ಇಲ್ಲದಿದ್ದರೆ ಚೆನ್ನಾಗಿ ಜಗಳ ಆಡುತ್ತಾರೆ. ಶಾಮಿಯಾನ, ಮೈಕ್ ಬೇಡ ಅನ್ನಿ. ಅರಳಿಕಟ್ಟೆ ಸಾಕು.

ಮತ್ತೆ ಗ್ರಾಮ ಸಭೆಯಲ್ಲಿ ಈ ರಸ್ತೆ ವಿಷಯ ಠರಾವು ಆಗಿದೆಯಾ ನೋಡಿ. ಆಗಿದ್ದರೆ ಅದರ ನಕಲು ಅರ್ಜಿಗೆ ಲಗತ್ತಿಸಿ. ಒಬ್ಬರ ಬೇಡಿಕೆ ಅಲ್ಲ, ಊರಿನದು ಅಂತ ಆಗುತ್ತದೆ. ಪಿಡಿಒ ನಕಲು ಕೊಡಲೇಬೇಕು.

ಥೇಮ್ಸ್ ದಂಡೆ · ಗುರುವಾರ ಸಂಜೆ 6:30

ನಾನು ಊರು ಬಿಟ್ಟು ಇಂಗ್ಲೆಂಡಿನಲ್ಲಿರುವವನು. ಇಲ್ಲಿನ ಎಂಪಿಗಳು ಕ್ಷೇತ್ರದಲ್ಲಿ ನಿಯಮಿತವಾಗಿ ಕೂತು ಜನರನ್ನು ಒಬ್ಬೊಬ್ಬರಾಗಿ ಭೇಟಿ ಮಾಡುತ್ತಾರೆ. ಅದಕ್ಕೆ ಸರ್ಜರಿ ಅಂತ ಹೆಸರು, ಡಾಕ್ಟರ ಕ್ಲಿನಿಕ್ಕಿಗೂ ಅದೇ ಪದ. ಬಹುಪಾಲು ಶುಕ್ರವಾರ ಸದನ ಇರುವುದಿಲ್ಲ, ಕ್ಷೇತ್ರಕ್ಕೆ ಹೋಗಲಿ ಅಂತ. ನನ್ನ ಮನೆ ಬಾಡಿಗೆ ತಕರಾರಿಗೆ ನಾನೂ ಒಮ್ಮೆ ಹೋಗಿದ್ದೆ. ಒಂದು ಲೈಬ್ರರಿ ಕೋಣೆ, ಎರಡು ಕುರ್ಚಿ, ಒಬ್ಬ ಸಹಾಯಕಿ ನೋಟ್ ಬರೆದುಕೊಳ್ಳುತ್ತಿದ್ದರು. ಹಾರ ಇರಲಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. 2016ರಲ್ಲಿ ಜೋ ಕಾಕ್ಸ್ ಅನ್ನುವ ಎಂಪಿಯನ್ನು ಇಂಥ ಭೇಟಿಗೆ ಹೋಗುವಾಗಲೇ ಕೊಂದರು. 2021ರಲ್ಲಿ ಡೇವಿಡ್ ಏಮೆಸ್ ಅವರನ್ನು ಚರ್ಚಿನಲ್ಲಿ ಜನರನ್ನು ಭೇಟಿ ಮಾಡುತ್ತಿರುವಾಗ ಕೊಂದರು. ಆಮೇಲೆ ಭದ್ರತೆ ಜಾಸ್ತಿ ಆಗಿದೆ. ಆದರೂ ಭೇಟಿ ನಿಂತಿಲ್ಲ.

ನಿವೃತ್ತ ಗುಮಾಸ್ತ · ಗುರುವಾರ ಸಂಜೆ 7:10

ನಮ್ಮಲ್ಲೂ ಪ್ರಯೋಗಗಳು ಆಗಿವೆ. ಕುಮಾರಸ್ವಾಮಿಯವರು 2006ರಲ್ಲಿ ಮುಖ್ಯಮಂತ್ರಿಯಾದಾಗ ಗ್ರಾಮ ವಾಸ್ತವ್ಯ ಶುರು ಮಾಡಿದರು. 2019ರ ಜೂನ್‌ನಲ್ಲಿ ಯಾದಗಿರಿ ಜಿಲ್ಲೆಯ ಚಂಡರಕಿಯಿಂದ ಮತ್ತೆ ಶುರು ಮಾಡಿದರು. 2021ರಲ್ಲಿ ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ ಬಂತು, ತಿಂಗಳ ಮೂರನೇ ಶನಿವಾರ. ನಾನು ಅಂಥ ಕಾರ್ಯಕ್ರಮಗಳಿಗೆ ಮೇಜು ಹೊತ್ತವನು. ಜಾಗದಲ್ಲೇ ಪಿಂಚಣಿ ಆದೇಶ ಕೊಟ್ಟಿದ್ದನ್ನು ನೋಡಿದ್ದೇನೆ. ಅದು ಸುಳ್ಳಲ್ಲ. ಜಾಗದಲ್ಲಿ ಆಗದೆ ಉಳಿದ ಅರ್ಜಿ ಮಾರನೇ ತಿಂಗಳು ಎಲ್ಲಿತ್ತು ಅಂತ ಕೇಳುವವರು ಇರಲಿಲ್ಲ. ಅದೂ ಸುಳ್ಳಲ್ಲ.

ತೀರ್ಥಹಳ್ಳಿ ಕಡೆಯವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಗೇಣಿದಾರರ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೆದ್ದು ಸದನಕ್ಕೆ ಹೋದರು. ಅವರ ಬಗ್ಗೆ ನಮ್ಮ ತಂದೆ ಹೇಳುತ್ತಿದ್ದದ್ದು ಇಷ್ಟೇ: ಅವರು ಊರಿಗೆ ಬಂದರೆ ಬಂದದ್ದು ಗೊತ್ತೇ ಆಗುತ್ತಿರಲಿಲ್ಲವಂತೆ, ಜಗಲಿ ಮೇಲೆ ಕೂತಿರುತ್ತಿದ್ದರಂತೆ.

ಹೋಬಳಿ ಹುಡುಗ · ಗುರುವಾರ ರಾತ್ರಿ 9:00

ದೇವಸ್ಥಾನದ ಶೀಟಿಗೂ ಒಂದು ಅರ್ಜಿ ಕೊಟ್ಟರೆ ತಪ್ಪೇನು? ಹಿರಿಯರಿಗೆ ಬೇಜಾರಾಗುತ್ತದೆ.

ಟಪಾಲು · ಗುರುವಾರ ರಾತ್ರಿ 9:20

ಕೊಡಿ, ತಪ್ಪಿಲ್ಲ. ಸಂಸದರ ನಿಧಿಯ ನಿಯಮದಲ್ಲಿ ಪೂಜಾಸ್ಥಳಕ್ಕೆ ಖರ್ಚು ಮಾಡುವ ಹಾಗಿಲ್ಲ. ದೇವಸ್ಥಾನದ ಪಕ್ಕ ಎಷ್ಟೋ ಊರಲ್ಲಿ "ಸಮುದಾಯ ಭವನ" ಹುಟ್ಟುವುದು ಹೀಗೇ. ಆದರೆ ಒಂದು ಎಚ್ಚರ. ಶೀಟು ಸುಲಭ, ರಸ್ತೆ ಕಷ್ಟ. ಎರಡೂ ಕೇಳಿದರೆ ಶಾಸಕರು ಶೀಟು ಕೊಟ್ಟು ಚಪ್ಪಾಳೆ ತೆಗೆದುಕೊಂಡು ಹೊರಡುತ್ತಾರೆ. ನಾನೇ ಅಂಥ ಸಲಹೆ ಕಾರಿನಲ್ಲಿ ಕೊಟ್ಟಿದ್ದೇನೆ, ಅದಕ್ಕೇ ಹೇಳುತ್ತಿರುವುದು.

ಕೆರೆಕೋಡಿ · ಶನಿವಾರ ರಾತ್ರಿ 8:45

ಬಂದರು, ಹೋದರು. ವರದಿ ಒಪ್ಪಿಸುತ್ತೇನೆ.

ಟಪಾಲು ಸರ್ ಫೋಟೊ ತೆಗೆಯಿರಿ ಅಂದಿದ್ದು ಯಾಕೆ ಅಂತ ಶುಕ್ರವಾರವೇ ಗೊತ್ತಾಯಿತು. ಸಂಜೆ ಐದು ಗಂಟೆಗೆ ಎರಡು ಟ್ರ್ಯಾಕ್ಟರ್ ಗ್ರಾವೆಲ್ ಬಂದು ಬಿತ್ತು. ಜೆಸಿಬಿಯೂ ಬಂತು. ಎಂಟು ಗಂಟೆ ಹೊತ್ತಿಗೆ ಗುಂಡಿಗಳೆಲ್ಲ ಮಾಯ. ಒಂದು ವರ್ಷದಿಂದ ಯಾರ ಕಣ್ಣಿಗೂ ಬೀಳದ ರಸ್ತೆ ಮೂರು ಗಂಟೆಯಲ್ಲಿ ಹಸೆಮಣೆ ಏರಿದ ಹಾಗೆ ಆಯಿತು.

11ಕ್ಕೆ ಬರಬೇಕಾದವರು ಬಂದಿದ್ದು 1:40ಕ್ಕೆ. ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಬೇಡಿ ಅಂತ ಹೆಡ್ ಮಾಸ್ಟರಿಗೆ ಮೊದಲೇ ಹೇಳಿದ್ದೆ, ಅದೊಂದು ಒಳ್ಳೆಯದಾಯಿತು. ಹಾರ ಒಂದಕ್ಕೆ ಒಪ್ಪಲಿಲ್ಲ, ನಾಲ್ಕಕ್ಕೆ ಇಳಿಯಿತು. ಶಾಮಿಯಾನ ಹಾಕಿದ್ದರು, ಮೈಕ್ ಮಾತ್ರ ಕರೆಂಟ್ ಹೋಗಿ ಸತ್ತಿತು. ಮಾಜಿ ಸದಸ್ಯೆ ಅಕ್ಕ, ನಿಮ್ಮ ಮಾತು ನೂರಕ್ಕೆ ನೂರು ನಿಜ. ಮೈಕ್ ಹೋದ ಕೂಡಲೇ ಹೆಂಗಸರ ಕಡೆಯಿಂದ ಶುರುವಾಯಿತು.

ಶಾಸಕರು ಕಾರು ಇಳಿದವರೇ "ರಸ್ತೆ ಚೆನ್ನಾಗೇ ಇದೆಯಲ್ರೀ" ಅಂದರು. ಎಲ್ಲರೂ ಸುಮ್ನೆ ನಿಂತರು. ನಾನು ಮೊದಲೇ ತೆಗೆದಿದ್ದ ಫೋಟೊ ತೋರಿಸುವಷ್ಟರಲ್ಲಿ ನಮ್ಮ ಬೀದಿ ಅಜ್ಜಿಯೊಬ್ಬರು ಮುಂದೆ ಬಂದು, "ಚಕ್ರಕ್ಕೆ ಏನು ಗೊತ್ತಾಯ್ತದೆ ಸಾಮಿ, ಇಳಿದು ನಾಕು ಹೆಜ್ಜೆ ನಡೀರಿ" ಅಂದರು. ನಡೆದರು, ಅದನ್ನು ಮೆಚ್ಚಬೇಕು. ಶಾಲೆ ತಿರುವಿನಲ್ಲಿ ಪೈಪ್ ಲೈನ್ ಮೇಲೆ ಕಾಲಿಟ್ಟ ಕೂಡಲೇ ಗ್ರಾವೆಲ್ ಕುಸಿದು ಬೂಟು ಕೆಸರಿಗೆ ಇಳಿಯಿತು. ಪಿಎ ಓಡಿ ಬಂದು ಕೈ ಹಿಡಿದರು. ಆಮೇಲೆ ನಾನು ಫೋಟೊ ತೋರಿಸಿದೆ. ಗುರುವಾರದ ತಾರೀಕು ನೋಡಿದರು. ಅಲ್ಲೇ ಎಇಇಗೆ ಫೋನ್. "ನಿನ್ನೆ ಸಂಜೆ ಮಣ್ಣು ಹಾಕಿಸಿದ್ದು ಯಾರು?" ಅಂತ ಕೇಳಿದ್ದು ನಮಗೆಲ್ಲ ಕೇಳಿಸಿತು. ಉತ್ತರ ಕೇಳಿಸಲಿಲ್ಲ.

ಮೂರು ಅರ್ಜಿ ಕೊಟ್ಟೆವು: ರಸ್ತೆ, ನೀರು, ಬಸ್ಸು. ಎಲ್ಲ ಬೇರೆ ಬೇರೆ. ರಸ್ತೆಯ ಅರ್ಜಿಗೆ ಗ್ರಾಮ ಸಭೆ ಠರಾವಿನ ನಕಲು ಸೇರಿಸಿದ್ದೆ. ಮೂಲೆಯಲ್ಲಿ "ನಿಯಮಾನುಸಾರ" ಅಂತ ಬರೆಯಲು ಶುರು ಮಾಡಿದರು. ನಾನು ಹೆದರಿಕೊಂಡೇ "ಸರ್, ಒಂದು ತಾರೀಕು ಹಾಕಿ" ಅಂದೆ. ನನ್ನ ಮುಖ ನೋಡಿ ನಕ್ಕರು. "ಮುಂದಿನ ಕೆಡಿಪಿ ಸಭೆಗೆ ಮುಂಚೆ" ಅಂತ ಬರೆದರು. ಎರಡನೇ ಪ್ರತಿಯ ಮೇಲೆ ಪಿಎ ಸಹಿ ಇದೆ. ದೇವಸ್ಥಾನದ ಶೀಟು ಹಿರಿಯರು ಬಾಯಲ್ಲಿ ಕೇಳಿದರು, "ನೋಡೋಣ" ಅಂದರು. ವಾಲಿಬಾಲ್ ಲೈಟ್ ಯಾರಿಗೂ ನೆನಪೇ ಆಗಲಿಲ್ಲ, ಹುಡುಗರು ಸೆಲ್ಫಿಯಲ್ಲಿದ್ದರು.

ಬೇವಿನಕಡ್ಡಿ · ಶನಿವಾರ ರಾತ್ರಿ 9:02

ಅಜ್ಜಿಯನ್ನೇ ಚುನಾವಣೆಗೆ ನಿಲ್ಲಿಸಿ ಮುಂದಿನ ಸಲ.

ನಿವೃತ್ತ ಗುಮಾಸ್ತ · ಶನಿವಾರ ರಾತ್ರಿ 9:30

ಚೆನ್ನಾಗಿ ಮಾಡಿದಿರಿ. ಕೆಡಿಪಿ ಆದ ಹದಿನೈದು ದಿನಕ್ಕೆ ನಡವಳಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿ ಶುಲ್ಕ, 30 ದಿನ. 150 ಪದದೊಳಗೆ, ಒಂದೇ ವಿಷಯ.

ಕೆರೆಕೋಡಿ · ಎರಡು ತಿಂಗಳ ನಂತರ

ಈ ಎಳೆಯನ್ನು ಮೇಲೆ ತರುತ್ತಿದ್ದೇನೆ, ಕೆಲವರು ಖಾಸಗಿಯಾಗಿ ಕೇಳಿದ್ದರು. ಕೆಡಿಪಿ ನಡವಳಿಯಲ್ಲಿ ನಮ್ಮ ರಸ್ತೆ ಬಂದಿದೆ. ಗುತ್ತಿಗೆದಾರರು ಬಂದು 500 ಮೀಟರ್ ಕಾಂಕ್ರೀಟ್ ಮಾಡಿದರು, ಮಳೆ ಅಂತ ನಿಲ್ಲಿಸಿದರು. ಉಳಿದ 700 ಮೀಟರ್ ಹಾಗೇ ಇದೆ, ಶಾಲೆ ತಿರುವೂ ಅದರಲ್ಲೇ ಇದೆ. ಬಸ್ಸು ಈಗ ನಿಲ್ಲಿಸುತ್ತಾರೆ, ಆದರೆ ಒಳಗೆ ಜಾಗ ಇಲ್ಲ. ಇನ್ನೊಂದು ಟ್ರಿಪ್ಪಿಗೆ ಶಾಸಕರ ಪತ್ರ ಡಿಪೋಗೆ ಹೋಗಿದೆ, ಉತ್ತರ ಬಂದಿಲ್ಲ. ನೀರು ಗಾಳಿಯ ಜೊತೆಗೇ ಬರುತ್ತಿದೆ. ಪಿಎಗೆ ವಾರಕ್ಕೊಂದು ಫೋನ್ ಮಾಡುತ್ತೇನೆ. ಈಗ ನನ್ನ ದನಿ ಕೇಳಿದರೆ ಸಾಕು, "700 ಮೀಟರ್ ಅಲ್ವಾ" ಅನ್ನುತ್ತಾರೆ.

ಬಯಲುಸೀಮೆ · ಅದೇ ದಿನ ರಾತ್ರಿ

ಅಣ್ಣಾ, ಆ ಅರ್ಜಿಯ ಮಾದರಿ ಕಳಿಸುತ್ತೀರಾ? ನಾಳೆ ಬೆಳಿಗ್ಗೆ ನಮ್ಮೂರಿಗೂ ಶಾಸಕರ ಭೇಟಿ ಇದೆ.

ಕೆರೆಕೋಡಿ · ಅದೇ ದಿನ ರಾತ್ರಿ

ಈಗಲೇ ಕಳಿಸುತ್ತೇನೆ. ಗ್ರಾವೆಲ್ ಬಂತಾ?

ಬಯಲುಸೀಮೆ · ಅದೇ ದಿನ ರಾತ್ರಿ

ಇಳಿಸುತ್ತಾ ಇದ್ದಾರೆ. ಫೋಟೊ ತೆಗೆಯಲು ಹೋಗುತ್ತಿದ್ದೇನೆ.